ದೋಣಿ ಹೊತ್ತವರು

ನನ್ನ ಪಿಎಚ್.ಡಿ. ಪ್ರಬಂಧದ ಎರಡನೆಯ ಅಧ್ಯಾಯದ ಕರಡು ಗೈಡ್ ಅವರ ಟೇಬಲ್ಲಿನಿಂದ ವಾಪಸು ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯ ಮೂರೇ ಪದಗಳಿದ್ದವು: ‘ವಾಪಸು ಹೇಗೆ ಬಂತು?’ ಅಧ್ಯಾಯ ತುಂಗಭದ್ರೆಯ ಕಡವುಗಳ ಬಗ್ಗೆ. ಹರಿಗೋಲು ಈ ದಡ ಬಿಟ್ಟು, ಸೆಳವಿಗೆ ಸಿಕ್ಕಿ ಒಂದಷ್ಟು ಕೆಳಕ್ಕೆ ಜಾರಿ, ಆ ದಡ ಮುಟ್ಟುವುದನ್ನು ಎರಡು ಪುಟ ಬಣ್ಣಿಸಿದ್ದೆ. ಅಲ್ಲಿಂದ ಮತ್ತೆ ಮೇಲಕ್ಕೆ, ಹೊರಟ ಜಾಗಕ್ಕೆ ಅದು ಬಂದದ್ದು ಹೇಗೆ ಎಂಬ ಬಗ್ಗೆ ನನ್ನಲ್ಲಿ ಒಂದು ಸಾಲೂ ಇರಲಿಲ್ಲ. ನನ್ನ ಆಕರಗಳಲ್ಲಿ ದೋಣಿ ಇದ್ದದ್ದೆಲ್ಲ ನೀರಿನ ಮೇಲೆಯೇ.

ಅದೇ ತಿಂಗಳು ಬೆಂಗಳೂರಿನ ಗೆಳೆಯನೊಬ್ಬ ಫೋನ್ ಮಾಡಿದ. ಅವನಿಗೆ ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್ ಕೊಳ್ಳುವ ಹುಚ್ಚು ಹಿಡಿದಿತ್ತು. ಅಂದರೆ ಹಲಗೆಯ ಮೇಲೆ ನಿಂತುಕೊಂಡು ಉದ್ದದ ಹುಟ್ಟು ಹಾಕುತ್ತಾ ಹೋಗುವ ಆಟ. ಮೂಲ್ಕಿಯ ಶಾಂಭವಿ ನದಿಯಲ್ಲಿ ಒಮ್ಮೆ ನಿಂತು ಬಂದಿದ್ದ, ಅಷ್ಟೇ. ‘ನೀನು ದೋಣಿಯ ಮೇಲೆ ತಾನೇ ಪಿಎಚ್.ಡಿ. ಮಾಡ್ತಿರೋದು, ಯಾವುದು ತಗೊಳ್ಳಲಿ ಹೇಳು’ ಅಂದ. ನಾನೂರು ಐನೂರು ವರ್ಷದ ಹಿಂದಿನ ದೋಣಿಗಳ ಬಗ್ಗೆಯಾದರೆ ಹೇಳಬಲ್ಲೆ ಅಂದೆ. ಅವನು ನಕ್ಕು, ಬಾಡಿಗೆಗೆ ಒಂದು ತರುತ್ತೇನೆ, ನಿಮ್ಮ ಕಡೆ ಕೆರೆ ಇದೆಯಲ್ಲ ಅಂದ.

ನಮ್ಮ ಕಡೆ ಅಂದರೆ ಕಡೂರು ಸೀಮೆಯ ಎಮ್ಮೆದೊಡ್ಡಿ. ನನ್ನ ಅಜ್ಜಿಯ ಮನೆ ಆ ಕಡೆಯದು. ಬಾಬಾಬುಡನ್ ಬೆಟ್ಟಸಾಲು ಪೂರ್ವಕ್ಕೆ ಇಳಿದು ಬಯಲಾಗುವ ಜಾಗ. ಹತ್ತಿರದ ಮದಗದ ಕೆರೆಯಿಂದ ಅವತಿ ಹೊರಡುತ್ತದೆ, ಸಖರಾಯಪಟ್ಟಣದ ಅಯ್ಯನಕೆರೆಯಿಂದ ವೇದಾ. ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ವಾಣಿವಿಲಾಸ ಸಾಗರ ತುಂಬಿಸಿ, ಮುಂದೆ ಹಗರಿ ಎಂಬ ಹೆಸರಿನಲ್ಲಿ ತುಂಗಭದ್ರೆಯನ್ನು ಸೇರುತ್ತವೆ. ಮುಂದೆ ಹರಿಯುವ ತುಂಗಭದ್ರೆಯ ನೀರಿನಲ್ಲಿ ಒಂದು ಬೊಗಸೆ ನಮ್ಮ ಕೆರೆಯದೂ ಇರಬಹುದು ಎಂದು ಆಗಾಗ ಸುಮ್ಮನೆ ಖುಷಿಪಡುವುದುಂಟು.

ಗೆಳೆಯ ಬೀರೂರು ಜಂಕ್ಷನ್ನಿನಲ್ಲಿ ರೈಲಿನಿಂದ ಇಳಿದಾಗ ಅವನ ಬೆನ್ನಿನ ಮೇಲೆ ಆಳೆತ್ತರದ ಚೀಲ. ಗಾಳಿ ತುಂಬುವ ಬೋರ್ಡು, ಪಂಪು, ಮೂರು ತುಂಡಾಗಿ ಬಿಚ್ಚಿಕೊಳ್ಳುವ ಹುಟ್ಟು, ಎಲ್ಲ ಅದರೊಳಗೆ. ಕೆರೆಯ ಏರಿಯ ಹತ್ತಿರ ಬಲೆ ಒಣಗಹಾಕುತ್ತಿದ್ದ ಯಜಮಾನರೊಬ್ಬರನ್ನು ಕಂಡು, ನೀರಿಗೆ ಇಳಿಯಬಹುದೇ ಎಂದು ಕೇಳಿದೆವು. ಅವರು ಬೋರ್ಡಿನ ಆಕಾರ ಕೇಳಲಿಲ್ಲ, ಬೆಲೆ ಕೇಳಲಿಲ್ಲ. ಎದ್ದು ಬಂದು ಚೀಲದ ಪಟ್ಟಿಗೆ ಕೈ ಹಾಕಿ ಒಂದು ಸಲ ಎತ್ತಿ ನೋಡಿದರು.

‘ಹತ್ ಹನ್ನೆರಡ್ ಕೇಜಿ ಐತೇನಪ್ಪ? ಒಬ್ನೇ ಹೊರಬೌದು. ಹಂಗಾರೆ ಸರಿ.’

ನಾನು ಅಲ್ಲೇ ಕೂತುಬಿಟ್ಟೆ. ಗೈಡ್ ಕೇಳಿದ್ದಕ್ಕೆ ಉತ್ತರ ಇಲ್ಲಿತ್ತು. ದೋಣಿಯನ್ನು ಬದುಕಿಗೆ ಬಳಸುವವನು ಮೊದಲು ನೋಡುವುದು ಅದು ತೇಲುವ ಬಗೆಯನ್ನಲ್ಲ, ಹೊರುವ ಭಾರವನ್ನು.

ಯಜಮಾನರ ತೆಪ್ಪ ಈಗ ಫೈಬರಿನದು. ನಮ್ಮ ಕಡೆ ಹರಿಗೋಲಿಗೂ ತೆಪ್ಪ ಎಂದೇ ಅನ್ನುತ್ತಾರೆ. ರಾಯಚೂರಿನ ಕಡೆ ಹೋದರೆ ಪುಟ್ಟಿ. ಮೊದಲು ಬಿದಿರಿನದಿತ್ತಂತೆ. ಅದನ್ನು ಬೋರಲು ಮಾಡಿ ಬೆನ್ನಿಗೇರಿಸಿಕೊಂಡು, ಹುಟ್ಟನ್ನು ಒಳಗಿನಿಂದ ಅಡ್ಡಕ್ಕೆ ಕೊಟ್ಟು, ಆಮೆಯ ಹಾಗೆ ಏರಿಯ ಮೇಲೆ ನಡೆಯುತ್ತಿದ್ದೆ ಎಂದು ನಡೆದೇ ತೋರಿಸಿದರು. ಹೊಳೆಯಲ್ಲಾದರೂ ಅಷ್ಟೇ: ಸೆಳವು ಕೆಳಕ್ಕೆ ತಂದಷ್ಟು ದೂರ ದಡದಲ್ಲಿ ಹೊತ್ತೋ, ಹಗ್ಗ ಕಟ್ಟಿ ಎಳೆದೋ ಮೇಲಕ್ಕೆ ಒಯ್ಯಬೇಕು.

ಇದನ್ನು ಬಹಳ ಹಿಂದೆಯೇ ಗಮನಿಸಿ ಬರೆದಿಟ್ಟವನು ಹೆರೊಡೋಟಸ್. ಕ್ರಿಸ್ತಪೂರ್ವ 5ನೇ ಶತಮಾನದ ಈ ಗ್ರೀಕ್ ಇತಿಹಾಸಕಾರ ಬ್ಯಾಬಿಲೋನಿಗೆ ಬರುತ್ತಿದ್ದ ದೋಣಿಗಳನ್ನು ವಿವರಿಸುತ್ತಾನೆ. ಗುರಾಣಿಯಂತೆ ದುಂಡಗಿನವು, ಕಡ್ಡಿಯ ಚೌಕಟ್ಟಿಗೆ ಹೊರಗಿನಿಂದ ಚರ್ಮ. ಸರಕಿನ ಜೊತೆಗೆ ಪ್ರತಿ ದೋಣಿಯಲ್ಲೂ ಒಂದು ಕತ್ತೆ. ಬ್ಯಾಬಿಲೋನ್ ತಲುಪಿದ ಮೇಲೆ ಸರಕನ್ನೂ ಚೌಕಟ್ಟನ್ನೂ ಮಾರಿ, ಚರ್ಮವನ್ನು ಮಡಚಿ ಕತ್ತೆಯ ಮೇಲೆ ಹೇರಿ, ಅರ್ಮೇನಿಯಾಕ್ಕೆ ನಡೆದುಕೊಂಡೇ ವಾಪಸು. ಹೊಳೆಯ ರಭಸಕ್ಕೆ ಎದುರಾಗಿ ಹೋಗಲು ಆಗದು ಎಂದು ಕಾರಣವನ್ನೂ ಕೊಡುತ್ತಾನೆ. ಗೆಳೆಯನ ಚೀಲಕ್ಕೂ ಆ ಕತ್ತೆಗೂ ಎರಡೂವರೆ ಸಾವಿರ ವರ್ಷದ ಅಂತರ.

ನಾನು ನೆಚ್ಚಿಕೊಂಡಿದ್ದದ್ದು ಮಾತ್ರ ಡೊಮಿಂಗೊ ಪೇಯಸ್‌ನನ್ನು. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರ ನೋಡಿದ ಪೋರ್ಚುಗೀಸ. ರಾಬರ್ಟ್ ಸೀವೆಲ್ 1900ರಲ್ಲಿ ಅವನ ಬರಹವನ್ನು ಇಂಗ್ಲಿಷಿಗೆ ತಂದದ್ದರಿಂದ ಅದು ನಮಗೆಲ್ಲ ಸಿಕ್ಕಿತು. ಆನೆಗೊಂದಿಗೆ ದಾಟುವ ದೋಣಿಗಳು ಬುಟ್ಟಿಯಂತೆ ದುಂಡಗಿವೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದು ಎನ್ನುತ್ತಾನೆ. ಜೊತೆಗೆ, ಇವು ನೆಟ್ಟಗೆ ಹೋಗಲಾರವು, ಸದಾ ಸುತ್ತುತ್ತಲೇ ಇರುತ್ತವೆ ಎಂದೂ. ಈ ಕೊನೆಯ ಮಾತನ್ನು ನಾನು ಕರಡಿನಲ್ಲಿ ಹಾಗೆಯೇ ಒಪ್ಪಿಕೊಂಡು, ಹರಿಗೋಲಿನ ‘ತಾಂತ್ರಿಕ ಮಿತಿ’ ಎಂಬ ಉಪಶೀರ್ಷಿಕೆ ಬೇರೆ ಕೊಟ್ಟಿದ್ದೆ. ಈಗ ನೆನೆದರೆ ಮುಜುಗರವಾಗುತ್ತದೆ.

ಯಾಕೆಂದರೆ ಯಜಮಾನರು ಫೈಬರ್ ತೆಪ್ಪವನ್ನು ಗೆರೆ ಎಳೆದ ಹಾಗೆ ನೆಟ್ಟಗೆ ನಡೆಸಿದರು. ನಾನು ಹುಟ್ಟು ಹಿಡಿದಾಗ ಪೇಯಸ್ ಹೇಳಿದಂತೆಯೇ ಗಿರಗಿರ ತಿರುಗಿತು. ‘ಮುಂದಿನ್ ನೀರ್ನ ನಿನ್ ಕಡೆ ಎಳ್ಕಬೇಕು ಕಣಪ್ಪ. ಪಕ್ಕದಾಗ್ ಹುಟ್ಟು ಹಾಕಿದ್ರೆ ಬುಗುರಿ ಆಡ್ದಂಗೆ ಆಡ್ತದೆ’ ಎಂದರು. ಮುಂದಕ್ಕೆ ಬಾಗಿ, ಹುಟ್ಟನ್ನು ಎಡಕ್ಕೂ ಬಲಕ್ಕೂ ಓಲಾಡಿಸುತ್ತಾ ನೀರನ್ನು ತಮ್ಮ ಕಡೆಗೆ ಸೆಳೆದುಕೊಳ್ಳುವುದು ಅವರ ವಿದ್ಯೆ. ಪೇಯಸ್ ಕಂಡದ್ದು ಸುಳ್ಳಲ್ಲ. ತುಂಬಿದ ಹೊಳೆಯಲ್ಲಿ, ಜನ ತುಂಬಿದ ಹರಿಗೋಲು ಸುತ್ತಿಯೇ ಸುತ್ತುತ್ತದೆ. ಆದರೆ ‘ಲಾರವು’ ಎಂದದ್ದು ಪ್ರಯಾಣಿಕನ ಮಾತು, ಅಂಬಿಗನದಲ್ಲ.

ಗೆಳೆಯನ ಬೋರ್ಡು ನೆಟ್ಟಗೆ ಹೋಗಲು ವಿದ್ಯೆ ಅಷ್ಟಾಗಿ ಬೇಡ. ಅಡಿಯಲ್ಲಿ, ಹಿಂಬದಿಗೆ, ಮೀನಿನ ರೆಕ್ಕೆಯಂಥ ಫಿನ್ ಇರುತ್ತದೆ. ಅದೇ ನಮಗೆ ಮುಳುವಾಯಿತು. ಗೆಳೆಯ ನಡುನೀರಿನ ಕಡೆಗೆ ಹೋಗಿದ್ದವನು ಇದ್ದಕ್ಕಿದ್ದಂತೆ ನಿಂತುಬಿಟ್ಟ, ನಿಂತವನು ಬಿದ್ದ. ಮೈಮೇಲೆ ಲೈಫ್ ಜಾಕೆಟ್ ಇತ್ತು, ಭಯವೇನಿರಲಿಲ್ಲ. ಫಿನ್ ಬಲೆಗೆ ಸಿಕ್ಕಿತ್ತು. ಬಲೆ ಯಜಮಾನರದ್ದಲ್ಲ, ಅವರ ಜೊತೆಯವರೊಬ್ಬರದು. ಬೆಳಗ್ಗೆ ಬಿಟ್ಟು ಊರಿಗೆ ಹೋಗಿದ್ದರು. ಯಜಮಾನರು ತೆಪ್ಪದಲ್ಲಿ ಬಂದು ಬಿಡಿಸಿದರು. ಆದರೂ ಒಂದೂವರೆ ಮಾರಿನಷ್ಟು ಹರಿದುಹೋಗಿತ್ತು. ಗೆಳೆಯ ದುಡ್ಡು ತೆಗೆದ. ಯಜಮಾನರು ಮುಟ್ಟಲಿಲ್ಲ. ‘ಬಲೆ ಯಾರ್ದೋ ಅವ್ರಿಗ್ ಕೊಡು, ಸಾಯಂಕಾಲ ಬತ್ತಾರೆ, ನೀನೇ ಕೂತಿರು’ ಎಂದರು. ಕೂತಿದ್ದೆವು. ಬಂದವರು ನಮ್ಮನ್ನು ಬೈಯಲಿಲ್ಲ, ಮಾತೂ ಆಡಲಿಲ್ಲ. ಹರಿದ ಕಡೆಯನ್ನು ಬೆರಳಲ್ಲಿ ಅಳೆದು ನೋಡುತ್ತಾ ಇದ್ದರು. ಮಾರನೆಯ ದಿನದ ಮೀನು ಆ ಕಿಂಡಿಯಲ್ಲಿ ಹೋಗುವುದನ್ನು ಲೆಕ್ಕ ಹಾಕುತ್ತಿದ್ದರೋ ಏನೋ. ಬೋರ್ಡು ಆರಿಸುವ ಬಗ್ಗೆ ಗೆಳೆಯ ಓದಿಕೊಂಡಿದ್ದರಲ್ಲಿ ಎಲ್ಲೂ ಬಲೆಯ ಮಾತಿರಲಿಲ್ಲ.

ಅಷ್ಟು ಹೊತ್ತೂ ಯಜಮಾನರ ತೆಪ್ಪ ಅದೇ ಬಲೆಯ ಮೇಲೆ ಹಾಯಾಗಿ ಹಾದುಹೋಗಿ ಬರುತ್ತಿತ್ತು. ಅಡಿ ನುಣುಪು, ಸಿಕ್ಕಿಕೊಳ್ಳಲು ಏನೂ ಇಲ್ಲ. ಹಂಪಿಯ ಹೊಳೆಯಲ್ಲಿ ನೀರು ಇಳಿದಾಗ ಕಾಣುವ ಬಂಡೆಗಳನ್ನು ನೋಡಿದವರಿಗೆ, ಅಲ್ಲಿ ಅಡಿಮರವಿರುವ ಉದ್ದನೆಯ ದೋಣಿಗೆ ಏನು ಗತಿಯಾದೀತು ಎಂದು ಬಿಡಿಸಿ ಹೇಳಬೇಕಿಲ್ಲ. ನಾನು ‘ಮಿತಿ’ ಎಂದು ಬರೆದದ್ದು ಒಂದು ಆಯ್ಕೆ. ಬಂಡೆಗೆ ಒಡೆಯದ, ಬಲೆಗೆ ಸಿಗದ, ಒಬ್ಬ ಹೊರಬಲ್ಲ ದೋಣಿ ಬೇಕಿತ್ತು. ಅದು ಸುತ್ತುವುದನ್ನು ಕೈಚಳಕದಿಂದ ನಿಭಾಯಿಸಿದರು.

ಸೈನ್ಯಗಳಿಗೂ ಇದು ಗೊತ್ತಿತ್ತು. ನಮ್ಮ ಪಕ್ಕದ ಚನ್ನಗಿರಿಯವನಾದ ಧೋಂಡಿಯಾ ವಾಘ್ 1799ರಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು ದಂಡು ಕಟ್ಟಿದಾಗ, ಅವನ ಬೆನ್ನು ಹತ್ತಿದವನು ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ. 1800ರ ಜೂನ್ ತಿಂಗಳಲ್ಲಿ ಹರಿಹರದ ಬಳಿ ಅವನ ಸೈನ್ಯ ತುಂಗಭದ್ರೆಯನ್ನು ದಾಟಿದ್ದು ಬುಟ್ಟಿದೋಣಿಗಳಲ್ಲಿ. ಅದೇ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಧೋಂಡಿಯಾ ಸತ್ತ. 1803ರ ಮರಾಠಾ ಯುದ್ಧಕ್ಕೆ ಹೊರಟಾಗಲೂ ವೆಲ್ಲೆಸ್ಲಿ ಇಂಥ ದೋಣಿಗಳನ್ನು ಮಾಡಿಸುವ ಬಗ್ಗೆ ಪತ್ರ ಬರೆಯುತ್ತಾನೆ. ಫಿರಂಗಿ ಎಳೆಯಲು ಮೈಸೂರಿನ ಎತ್ತುಗಳು, ಹೊಳೆ ದಾಟಲು ಮೈಸೂರಿನ ಬುಟ್ಟಿಗಳು. ಆ ಎತ್ತುಗಳ ಅಮೃತಮಹಲ್ ಕಾವಲುಗಳು ಬಾಸೂರು, ಬೀರೂರು, ಅಜ್ಜಂಪುರದ ಸುತ್ತ ಇವತ್ತಿಗೂ ಇವೆ, ಅವುಗಳ ಮೇಲೆ ಪುಸ್ತಕಗಳೂ ಇವೆ. ಬುಟ್ಟಿ ಹೆಣೆದವರ ಬಗ್ಗೆ ಇಲ್ಲ.

ನನ್ನ ಅಧ್ಯಾಯಕ್ಕೂ ಇದೇ ದೊಡ್ಡ ಕೊರತೆ ಎಂದು ಆಮೇಲೆ ಹೊಳೆಯಿತು. ಹರಿಗೋಲು ಎಂದರೆ ನಮಗೆ ಅಂಬಿಗ ಮಾತ್ರ. ದಾಸರ ಪದಗಳಲ್ಲೂ ದಾಟಿಸುವವನು ಅವನೇ. ಆದರೆ ಬಿದಿರು ಸೀಳಿ ಹೆಣೆಯುವುದು ಮೇದರ ಕಸುಬು, ಚರ್ಮ ಹದ ಮಾಡುವುದು ಮಾದಿಗರ ಕಸುಬು. ಎತ್ತಿನ ಅಥವಾ ಎಮ್ಮೆಯ ಚರ್ಮ ಬಿಸಿಲಿಗೆ ಬಿದ್ದರೆ ಬಿರಿಯುತ್ತದೆ, ನೀರಲ್ಲೇ ಬಿಟ್ಟರೆ ಕೊಳೆಯುತ್ತದೆ. ಅದನ್ನು ಕಾಪಾಡುವುದೂ ಅವರಿಗೆ ಗೊತ್ತಿದ್ದ ವಿದ್ಯೆ. 12ನೇ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಮಾದಾರ ಚೆನ್ನಯ್ಯ ಮೂವರೂ ಇದ್ದಾರೆ. ಒಂದು ಹರಿಗೋಲಿಗೆ ಬೇಕಾದ ಕಸುಬುಗಳೆಲ್ಲ ಅಲ್ಲಿ ಒಟ್ಟಿಗಿವೆ. ನನ್ನ ಪ್ರಬಂಧದಲ್ಲಿ ಚೌಡಯ್ಯ ಒಬ್ಬನೇ ಇದ್ದ.

ಗೆಳೆಯನ ಪ್ರಶ್ನೆಗೂ ಉತ್ತರ ಕೊಡಬೇಕಿತ್ತು. ನಿಂತು ಹುಟ್ಟು ಹಾಕುವ ಈ ಆಟ ಹವಾಯಿಯದು. ವೈಕಿಕಿಯ ಕಡಲತೀರದ ಹುಡುಗರು ಕಳೆದ ಶತಮಾನದ ನಡುವಿನಲ್ಲೇ ಹಾಗೆ ನಿಲ್ಲುತ್ತಿದ್ದರು. 2000ದ ಆಚೀಚೆ ಲೈರ್ಡ್ ಹ್ಯಾಮಿಲ್ಟನ್‌ನಂಥ ಸರ್ಫರ್‌ಗಳಿಂದ ಜಗತ್ತಿಗೆ ಹಬ್ಬಿತು. ನಮ್ಮಲ್ಲಿ ಮೂಲ್ಕಿಯಲ್ಲಿ ಕಲಿತ ತನ್ವಿ ಜಗದೀಶ್ ಹೆಸರು ಮಾಡಿದ್ದಾರೆ, 2024ರ ಮಾರ್ಚಿನಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೂ ನಡೆಯಿತು. ಸ್ಪರ್ಧೆಯ ಬೋರ್ಡು ಹದಿನಾಲ್ಕು ಅಡಿಯವರೆಗೂ ಇರುತ್ತದೆ, ಗಟ್ಟಿ, ಕಿರಿದು, ವೇಗದ್ದು. ಅದನ್ನು ಕಾರಿನ ತಲೆಯ ಮೇಲೆ ಮಗುಚಿಹಾಕಿ, ಫಿನ್ ಇರುವ ತುದಿ ಮುಂದಕ್ಕೆ ಬರುವಂತೆ ಇಟ್ಟು ಪಟ್ಟಿ ಬಿಗಿಯಬೇಕು. ಬೋರ್ಡು ಹಿಂದಕ್ಕೆ ಜಾರಿದರೂ ಫಿನ್ ಪಟ್ಟಿಗೆ ತಡೆದು ನಿಲ್ಲುತ್ತದೆ. ಪಟ್ಟಿಗೆ ಒಂದು ತಿರುವು ಕೊಟ್ಟರೆ ಗಾಳಿಗೆ ಗುಂಯ್‌ಗುಡುವುದಿಲ್ಲ. ಇದೆಲ್ಲ ಕಾರಿದ್ದವರಿಗೆ. ರೈಲಿನಲ್ಲಿ ಬರುವವನಿಗೆ ಗಾಳಿಯದೇ ಸರಿ: ಹತ್ತೂವರೆ ಅಡಿ ಉದ್ದ, ಮೂವತ್ತೆರಡು ಇಂಚು ಅಗಲದ್ದಾದರೆ ಹೊಸಬರೂ ನಿಲ್ಲಬಹುದು. ಎರಡು ಪದರಗಳ ನಡುವೆ ಸಾವಿರಾರು ಎಳೆಗಳಿರುವುದರಿಂದ ಗಾಳಿ ತುಂಬಿದ ಮೇಲೆ ಹಲಗೆಯಷ್ಟೇ ಬಿಗಿ. ದಡಕ್ಕೆ ತಂದಾಗ ಬಿಸಿಲಿನಲ್ಲಿ ಬಿಡಬಾರದು, ಒಳಗಿನ ಗಾಳಿ ಹಿಗ್ಗಿ ಅಂಚು ಬಿಡಬಹುದು. ನಾವು ಊಟಕ್ಕೆ ಕೂತಾಗ ಯಜಮಾನರೇ ಅದನ್ನು ಎಳೆದು ಹೊಂಗೆಯ ನೆರಳಿಗೆ ಹಾಕಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ.

ಹರಿಯುವ ಹೊಳೆಗೆ ಇಳಿಯುವುದಾದರೆ ಬೋರ್ಡಿನ ಹಗ್ಗವನ್ನು ಕಾಲಿಗೆ ಕಟ್ಟಬೇಡ ಎಂದೂ ಹೇಳಿದೆ. ಬಂಡೆಗೋ ಬೇರಿಗೋ ಸಿಕ್ಕಿದರೆ ಸೆಳವಿನಲ್ಲಿ ಕಾಲಿಗೆ ಕೈ ಎಟುಕುವುದಿಲ್ಲ. ಸೊಂಟಕ್ಕೆ ಕಟ್ಟಿ, ಒಮ್ಮೆ ಜಗ್ಗಿದರೆ ಬಿಚ್ಚಿಕೊಳ್ಳುವಂಥದ್ದು ಸಿಗುತ್ತದೆ, ಅದನ್ನೇ ತಗೋ ಎಂದೆ. ಇದು ಮಾತ್ರ ನಾನು ಓದಿಕೊಂಡು ಹೇಳಿದ್ದು.

ಅವನು ಗಾಳಿಯದನ್ನೇ ಕೊಂಡ, ಫಿನ್ ಬಿಚ್ಚಿಡಬಹುದಾದದ್ದು. ಎಮ್ಮೆದೊಡ್ಡಿಗೆ ಮತ್ತೆ ಬಂದಾಗ ಫಿನ್ನನ್ನು ಚೀಲದಲ್ಲೇ ಬಿಟ್ಟು ನೀರಿಗಿಳಿದ. ಬೋರ್ಡು ಅಡ್ಡಾದಿಡ್ಡಿ ಹೋಯಿತು. ಬಲೆಯ ಯಜಮಾನರು ಏರಿಯ ಮೇಲೆ ನಿಂತು ನೋಡುತ್ತಿದ್ದರು, ಆ ದಿನ ಮೊದಲ ಸಲ ಮಾತಾಡಿದರು: ‘ಮುಂದಿನ್ ನೀರ್ನ ಎಳ್ಕಳಪ್ಪ!’