ಚಕ್ಕಡಿಯಿಂದ ಟ್ರೇಲರ್‌ಗೆ: ವಾರೆ ಗಾಲಿಯ ಕಥೆ

ಕಬ್ಬಿನ ಹಂಗಾಮಿನಲ್ಲಿ ಬಾಡಗಂಡಿ ಕಾರ್ಖಾನೆಗೆ ಹೊರಟ ಡಬಲ್ ಟ್ರೇಲರ್ ಹಿಂದೆ ಬೈಕಿನಲ್ಲಿ ಹೋಗಿದ್ದೀರಾ? ಟ್ರ್ಯಾಕ್ಟರ್ ನೆಟ್ಟಗೆ ಹೋಗುತ್ತಿರುತ್ತದೆ, ಹಿಂದಿನ ಟ್ರೇಲರ್ ಮಾತ್ರ ಒಂದು ಬದಿಗೆ ಸರಿದು ವಾರೆ ಓಡುತ್ತಿರುತ್ತದೆ. ಇದು ಹೊಸ ರೋಗವಲ್ಲ. ಚಕ್ಕಡಿಯ ಕಾಲದಿಂದಲೂ ಇದೆ.

ಚಕ್ಕಡಿ ಗಾಲಿಯ ಗುಂಬ, ಅರಗಳನ್ನು ಬಡಿಗೇರರು ಕೂಡಿಸುತ್ತಿದ್ದರು. ಕಬ್ಬಿಣದ ಪಟ್ಟಾ ಕಮ್ಮಾರರ ಕೆಲಸ. ಪಟ್ಟಾವನ್ನು ಗಾಲಿಗಿಂತ ತುಸು ಚಿಕ್ಕದಾಗಿಯೇ ಮಾಡುತ್ತಿದ್ದರು. ಬೆಂಕಿಯಲ್ಲಿ ಕಾಯಿಸಿದಾಗ ಅದು ಹಿಗ್ಗುತ್ತಿತ್ತು. ಗಾಲಿಗೆ ತೊಡಿಸಿ ನೀರು ಸುರಿದರೆ ಕುಗ್ಗಿ, ಕಟ್ಟಿಗೆಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಅಚ್ಚು ವಾರೆಯಾದರೆ ಮೂಕಿ ಒಂದೇ ಕಡೆ ಎಳೆಯುತ್ತಿತ್ತು, ಆ ಬದಿಯ ಎತ್ತಿನ ಹೆಗಲು ಹುಣ್ಣಾಗುತ್ತಿತ್ತು. ಒಕ್ಕಲಿಗನಿಗೆ ಅಷ್ಟು ಸಾಕು, ಬಂಡಿ ಬಡಿಗೇರರ ಮನೆ ಮುಂದೆ ನಿಲ್ಲುತ್ತಿತ್ತು.

ಗಾಳಿ ತುಂಬಿದ ಟೈರನ್ನು ಜಾನ್ ಬಾಯ್ಡ್ ಡನ್ಲಪ್ ಮಾಡಿದ್ದು ಮಗನ ಮೂರು ಗಾಲಿಯ ಸೈಕಲ್‌ಗಾಗಿ. ಅದು ಎತ್ತಿನ ಬಂಡಿಗೂ ಬಂತು, ಕಬ್ಬಿನ ಸೀಮೆಯಲ್ಲಿ ಅಂಥ ಬಂಡಿಗೆ ಡನ್ಲಪ್ ಗಾಡಿ ಎಂದೇ ಹೆಸರು. ಬೆಂಗಳೂರು ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ, ಎತ್ತಿನ ಬಂಡಿ ಸುಧಾರಿಸಬೇಕು, ಎತ್ತಿನ ನೋವು ತಗ್ಗಬೇಕು ಎಂದು ವರ್ಷಗಟ್ಟಲೆ ದುಡಿದರು. ಮ್ಯಾನೇಜ್‌ಮೆಂಟ್ ಕಲಿಸುವವರು ಬಂಡಿಯ ಬೆನ್ನು ಹತ್ತಿದ್ದು ನನಗಂತೂ ಹೆಮ್ಮೆಯ ಮಾತು.

ಆಮೇಲೆ ಟ್ರ್ಯಾಕ್ಟರ್ ಬಂತು. ಕಟ್ಟಿಗೆಯ ಜಾಗಕ್ಕೆ ಕಬ್ಬಿಣದ ಚಾನಲ್: ಉದ್ದಕ್ಕೆ ಎರಡು, ನಡುವೆ ಅಡ್ಡಪಟ್ಟಿಗಳ ವೆಲ್ಡಿಂಗ್, ಕೆಳಗೆ ಕಮಾನು ಪಟ್ಟಿ, ಅದಕ್ಕೆ ಯು ಬೋಲ್ಟ್‌ನಿಂದ ಬಿಗಿದ ಅಚ್ಚು. ಆದರೆ ಟ್ರ್ಯಾಕ್ಟರ್‌ಗೆ ಹೆಗಲು ನೋಯುವುದಿಲ್ಲ. ವಾರೆಯಾದ ಟ್ರೇಲರನ್ನೂ ಸುಮ್ಮನೆ ಎಳೆಯುತ್ತದೆ. ಡೀಸೆಲ್ ಹೆಚ್ಚು ಸುಡುತ್ತದೆ, ಟೈರ್ ಒಂದೇ ಅಂಚಿಗೆ ಸವೆಯುತ್ತದೆ. ಸವೆದ ಟೈರ್ ಲೋಡಿನಲ್ಲಿ ಒಡೆದರೆ ಪಕ್ಕದಲ್ಲಿ ಹೋಗುವವರ ಜೀವಕ್ಕೇ ಕುತ್ತು.

ಅಳೆಯಲು ಟೇಪ್ ಒಂದಿದ್ದರೆ ಸಾಕು. ಖಾಲಿ ಟ್ರೇಲರನ್ನು ಸಮನೆಲದಲ್ಲಿ ನಾಲ್ಕು ಮಾರು ನೆಟ್ಟಗೆ ಎಳೆದು ನಿಲ್ಲಿಸಿ. ಎರಡು ಗಾಲಿಯದಾದರೆ, ಕೊಂಡಿಯ ತೂತಿನ ನಡುವಿನಿಂದ ಅಚ್ಚಿನ ಎಡ ತುದಿಗೂ ಬಲ ತುದಿಗೂ ಅಳೆಯಿರಿ. ಎರಡೂ ಒಂದೇ ಬರಬೇಕು. ನಾಲ್ಕು ಗಾಲಿಯದಕ್ಕೆ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಎರಡೂ ಬದಿ ಅಳೆಯಬೇಕು. ವ್ಯತ್ಯಾಸ ಬಂದರೆ ಮೊದಲು ಯು ಬೋಲ್ಟ್ ನೋಡಿ, ಕಮಾನು ಪಟ್ಟಿಯ ನಡುವಿನ ಬೋಲ್ಟ್ ತುಂಡಾಗಿದೆಯೇ ನೋಡಿ. ಅವು ಸರಿಯಿದ್ದರೆ ಚಾಸಿಯನ್ನು ಮೂಲೆಯಿಂದ ಮೂಲೆಗೆ ಅಳೆಯಿರಿ. ಅಲ್ಲಿಯೂ ಹೆಚ್ಚುಕಡಿಮೆ ಬಂದರೆ ಸೊಟ್ಟಗಾಗಿರುವುದು ಚಾಸಿಯೇ, ಬೋಲ್ಟ್ ಬಿಗಿದರೆ ಆಗುವ ಕೆಲಸವಲ್ಲ. ಹಂಗಾಮು ಶುರುವಾಗುವ ಮೊದಲೇ ವೆಲ್ಡಿಂಗ್ ಅಂಗಡಿಗೆ ಒಯ್ಯಿರಿ, ಆಮೇಲೆ ಅಲ್ಲಿ ಪಾಳಿ ಹಚ್ಚಬೇಕಾಗುತ್ತದೆ.