ಹಕ್ಕಿ ಛಾಯಾಗ್ರಹಣ: ಬಳಗವೇ ಗುರು, ಕೆರೆಯಂಗಳವೇ ಪಾಠಶಾಲೆ

ಕ್ಯಾಮೆರಾ ಕೊಳ್ಳಲು ಹಣವಿದ್ದರೆ ಸಾಕು. ಹಕ್ಕಿಯ ಚಿತ್ರ ತೆಗೆಯಲು ಹಣವೊಂದೇ ಸಾಲದು. ರಾಜ್ಯದ ನಗರಗಳಲ್ಲಿ ಕಳೆದ ಎರಡು ದಶಕಗಳಿಂದೀಚೆಗೆ ವೇಗವಾಗಿ ಬೆಳೆದ ಹವ್ಯಾಸಗಳಲ್ಲಿ ಹಕ್ಕಿ ಛಾಯಾಗ್ರಹಣವೂ ಒಂದು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಫಿಲ್ಮ್ ರೋಲಿನ ಖರ್ಚು ಇಲ್ಲವಾಯಿತು. ಭಾನುವಾರ ಮುಂಜಾನೆ ಕೆರೆಯ ಏರಿಗಳ ಮೇಲೆ ಉದ್ದನೆಯ ಲೆನ್ಸ್ ಹಿಡಿದು ನಿಂತವರನ್ನು ಕಾಣುವುದು ಈಗ ಅಪರೂಪವೇನಲ್ಲ.

ಈ ಕಲೆಯನ್ನು ಪಠ್ಯಪುಸ್ತಕದಿಂದ ಕಲಿತವರು ವಿರಳ. ಬಹುಪಾಲು ಹವ್ಯಾಸಿಗಳು ಕಲಿತಿರುವುದು ಒಬ್ಬರಿಂದೊಬ್ಬರು. ತೆಗೆದ ಚಿತ್ರವನ್ನು ಹಿರಿಯರ ಮುಂದಿಟ್ಟು ಅಭಿಪ್ರಾಯ ಕೇಳುವುದು, ತಪ್ಪನ್ನು ತಿದ್ದಿಕೊಂಡು ಮರುವಾರ ಅದೇ ಕೆರೆಗೆ ಹೋಗುವುದು, ಮುಂದೆ ತಾನೇ ಕಿರಿಯರಿಗೆ ಹೇಳಿಕೊಡುವುದು ಇಲ್ಲಿನ ಕಲಿಕೆಯ ಕ್ರಮ. ಬಳಗ ಹೇಗಿದೆಯೋ ಕಲಿಯುವವರೂ ಹಾಗೆಯೇ ರೂಪುಗೊಳ್ಳುತ್ತಾರೆ. ಒಳ್ಳೆಯ ಬಳಗ ಚಿತ್ರದ ಜೊತೆಗೆ ಸಂಯಮವನ್ನೂ ಕಲಿಸುತ್ತದೆ. ಮೆಚ್ಚುಗೆಯನ್ನಷ್ಟೇ ಹಂಚುವ ಬಳಗದಲ್ಲಿ ನಷ್ಟ ಅನುಭವಿಸುವುದು ಹಕ್ಕಿ.

ಗುರು–ಶಿಷ್ಯ ಪರಂಪರೆ

ಕರ್ನಾಟಕದಲ್ಲಿ ಈ ಕಲಿಕೆಗೆ ದೀರ್ಘ ಇತಿಹಾಸವಿದೆ. ಭಾರತದ ವನ್ಯಜೀವಿ ಛಾಯಾಗ್ರಹಣದಲ್ಲಿ ಪ್ರಮುಖ ಹೆಸರಾದ ಟಿ.ಎನ್.ಎ. ಪೆರುಮಾಳ್ (1932–2017) ಬೆಂಗಳೂರಿನಲ್ಲಿ ಒ.ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಪಳಗಿದವರು. ಮುಂದೆ ಪೆರುಮಾಳ್ ಅವರೇ ಹಲವು ಕಿರಿಯರಿಗೆ ಗುರುವಾದರು. ಸಂಡೂರು ರಾಜಮನೆತನದ, ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಎಂ.ವೈ. ಘೋರ್ಪಡೆ (1931–2011) ಕಪ್ಪು–ಬಿಳುಪು ವನ್ಯಜೀವಿ ಚಿತ್ರಗಳಿಗೆ ಹೆಸರಾದರು. ಮೂಡಿಗೆರೆಯ ತೋಟದಲ್ಲಿ ನೆಲೆಸಿದ್ದ ಸಾಹಿತಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಕ್ಯಾಮೆರಾ ಹಿಡಿದು ಹಕ್ಕಿಗಳ ಬೆನ್ನುಹತ್ತಿದವರು. ಅವರ ‘ಹಕ್ಕಿಪುಕ್ಕ’ ಕನ್ನಡದ ಅನೇಕ ಓದುಗರಿಗೆ ಹಕ್ಕಿಲೋಕದ ಮೊದಲ ಪರಿಚಯ ಮಾಡಿಸಿತು.

1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇಂತಹ ಕಲಿಕೆಗೆ ಒಂದು ವೇದಿಕೆಯಾಯಿತು. ಲಾಲ್‌ಬಾಗ್‌ನಲ್ಲಿ ತಿಂಗಳ ಎರಡನೇ ಭಾನುವಾರ ಹಕ್ಕಿ ನೋಡಲು ಸೇರುವ ಪದ್ಧತಿಯೂ 1970ರ ದಶಕದ್ದೇ. ಒಂದು ಕಡೆ ಕ್ಯಾಮೆರಾ ಬಲ್ಲವರು, ಇನ್ನೊಂದು ಕಡೆ ಹಕ್ಕಿ ಬಲ್ಲವರು. ಈ ಎರಡು ಬಳಗಗಳ ನಡುವಿನ ಓಡಾಟದಲ್ಲೇ ಹಕ್ಕಿ ಛಾಯಾಗ್ರಾಹಕರು ರೂಪುಗೊಂಡರು.

ಫಿಲ್ಮ್ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರಗಳಷ್ಟೇ. ಅದನ್ನು ತೊಳೆಸಿ ಫಲಿತಾಂಶ ನೋಡಲು ದಿನಗಟ್ಟಲೆ ಕಾಯಬೇಕಿತ್ತು. ತಪ್ಪು ಮಾಡಿ ಕಲಿಯುವುದು ದುಬಾರಿಯಾದುದರಿಂದ ಹಿರಿಯರ ಮಾತು ಅಮೂಲ್ಯವಾಗಿತ್ತು. ಇಂದು ಕ್ಷಣಮಾತ್ರದಲ್ಲಿ ಚಿತ್ರ ಕಾಣುತ್ತದೆ. ಆದರೂ ಚಿತ್ರವೇಕೆ ಕೆಟ್ಟಿತು ಎಂಬುದನ್ನು ಕ್ಯಾಮೆರಾ ಹೇಳುವುದಿಲ್ಲ.

ಮೊದಲ ಪಾಠ ಕಾಯುವುದು

ಹೊಸಬರು ಸಾಮಾನ್ಯವಾಗಿ ಹಕ್ಕಿಯ ಕಡೆಗೆ ನಡೆಯುತ್ತಾರೆ. ಹಕ್ಕಿ ಹಾರುತ್ತದೆ, ದೊರೆಯುವುದು ಬೆನ್ನಿನ ಚಿತ್ರ. ಅನುಭವಿಗಳು ನೀಡುವ ಮೊದಲ ಸಲಹೆಯೆಂದರೆ ಒಂದೆಡೆ ಕುಳಿತು ಹಕ್ಕಿಯೇ ಹತ್ತಿರ ಬರಲು ಬಿಡಬೇಕೆಂಬುದು. ಮಿಂಚುಳ್ಳಿಗೆ ಮೆಚ್ಚಿನ ಕೊಂಬೆಯಿರುತ್ತದೆ. ಮೀನು ಹಿಡಿದ ಬಳಿಕ ಅದು ಅಲ್ಲಿಗೇ ಮರಳುವುದು ಹೆಚ್ಚು. ದೊಡ್ಡ ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುತ್ತವೆ. ಹಾರುವ ಮುನ್ನ ಹಿಕ್ಕೆ ಹಾಕುವುದೂ ಉಂಟು. ಇವು ಗೊತ್ತಿದ್ದವರು ಹಾರಾಟಕ್ಕೆ ಮೊದಲೇ ಸಿದ್ಧರಾಗಿರುತ್ತಾರೆ.

ಹಕ್ಕಿಯ ನಡವಳಿಕೆ ಬಲ್ಲವರಿಗೆ ಸಾಧಾರಣ ಲೆನ್ಸ್‌ನಲ್ಲೂ ಉತ್ತಮ ಚಿತ್ರ ದೊರೆಯುತ್ತದೆ. ಆದ್ದರಿಂದಲೇ ಬಳಗಗಳಲ್ಲಿ ಹೊಸಬರಿಗೆ ಹೇಳುವುದುಂಟು: ಮೊದಲ ಕೆಲವು ತಿಂಗಳು ಅಪರೂಪದ ಹಕ್ಕಿ ಬೇಡ, ಗೊರವಂಕ, ಪಿಕಳಾರ, ಬೆಳ್ಳಕ್ಕಿ, ಕಾಜಾಣ ಸಾಕು. ದಿನವೂ ಕಾಣುವ ಹಕ್ಕಿಯಲ್ಲಿ ಕೈ ಪಳಗಿದರೆ ಅಪರೂಪದ್ದು ಎದುರಾದಾಗ ಗಾಬರಿಯಾಗುವುದಿಲ್ಲ.

ಬೆಳಕು, ವೇಗ, ಕಣ್ಣು

ತಾಂತ್ರಿಕವಾಗಿ ಗಮನಿಸಬೇಕಾದ ಅಂಶಗಳು ಕೆಲವೇ. ಹಕ್ಕಿಗಳಿಗೆ ಸಾಮಾನ್ಯವಾಗಿ 400ರಿಂದ 600 ಮಿ.ಮೀ. ಲೆನ್ಸ್ ಬಳಸಲಾಗುತ್ತದೆ. ಲೆನ್ಸ್ ಉದ್ದವಾದಷ್ಟೂ ಕೈಯ ನಡುಕ ಚಿತ್ರದಲ್ಲಿ ಎದ್ದು ಕಾಣುತ್ತದೆ. ಕುಳಿತ ಹಕ್ಕಿಗೆ ಶಟರ್ ವೇಗ 1/500 ಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಕ್ಷೇಮ. ಹಾರುವ ಹಕ್ಕಿಗೆ 1/2000 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಿನ ವೇಗ ಬೇಕಾಗುತ್ತದೆ. ಬೆಳಕು ಸಾಲದಿದ್ದಲ್ಲಿ ಐಎಸ್‌ಒ ಹೆಚ್ಚಿಸಲು ಹಿಂಜರಿಯಬಾರದು. ಚಿತ್ರದಲ್ಲಿ ಕಾಳುಕಾಳು ಕಂಡರೆ ನಂತರ ತಕ್ಕಮಟ್ಟಿಗೆ ಸರಿಪಡಿಸಬಹುದು; ಅಲುಗಿದ ಚಿತ್ರವನ್ನು ಹಾಗೆ ಸರಿಪಡಿಸುವುದು ಕಷ್ಟ.

ಹೊಸಬರನ್ನು ಹೆಚ್ಚು ಕಾಡುವ ಸಮಸ್ಯೆ ಬೆಳ್ಳಕ್ಕಿ. ಕಡುಬಣ್ಣದ ನೀರಿನ ನಡುವೆ ಬಿಳಿ ಹಕ್ಕಿ ನಿಂತಿದ್ದರೆ ಕ್ಯಾಮೆರಾ ಇಡೀ ದೃಶ್ಯವನ್ನು ಅಳೆದು ಬೆಳಕು ಹೆಚ್ಚಿಸುತ್ತದೆ. ಪರಿಣಾಮವಾಗಿ ಗರಿಗಳ ವಿವರವೆಲ್ಲ ಅಳಿಸಿ ಬಿಳಿಯ ಮುದ್ದೆಯಷ್ಟೇ ಉಳಿಯುತ್ತದೆ. ಆಗ ಎಕ್ಸ್‌ಪೋಷರನ್ನು ಒಂದು ಸ್ಟಾಪ್‌ನಷ್ಟು ತಗ್ಗಿಸಬೇಕು. ಬೆಳಗುವ ಆಕಾಶದ ಹಿನ್ನೆಲೆಯಲ್ಲಿ ಕುಳಿತ ಕಾಜಾಣಕ್ಕೆ ಇದರ ವಿರುದ್ಧ ಕ್ರಮ: ಒಂದು ಸ್ಟಾಪ್ ಹೆಚ್ಚಿಸದಿದ್ದರೆ ಹಕ್ಕಿ ಕರಿಯ ನೆರಳಾಗುತ್ತದೆ.

ಫೋಕಸ್ ಯಾವಾಗಲೂ ಕಣ್ಣಿನ ಮೇಲಿರಬೇಕು. ಕಣ್ಣು ಸ್ಪಷ್ಟವಾಗಿದ್ದು ಅದರಲ್ಲಿ ಬೆಳಕಿನ ಚುಕ್ಕೆ ಮಿನುಗಿದರೆ ಹಕ್ಕಿಗೆ ಜೀವಕಳೆ ಬರುತ್ತದೆ. ಇತ್ತೀಚಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಅನೇಕವು ಹಕ್ಕಿಯ ಕಣ್ಣನ್ನು ತಾವೇ ಗುರುತಿಸುತ್ತವೆ. ಆದರೆ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದು, ಕೆಸರಿನಲ್ಲಿ ಮಲಗಿ ಚಿತ್ರ ತೆಗೆಯುವ ಕೆಲಸವನ್ನು ಯಂತ್ರ ಮಾಡದು. ನಿಂತು ಕೆಳಮುಖವಾಗಿ ತೆಗೆದ ಚಿತ್ರಕ್ಕೂ ನೆಲಮಟ್ಟದಿಂದ ತೆಗೆದ ಚಿತ್ರಕ್ಕೂ ಇರುವ ಅಂತರ ಒಮ್ಮೆ ಕಂಡವರಿಗೆ ಮರೆಯದು.

‘ಚೆನ್ನಾಗಿದೆ’ ಎಂದರೆ ಸಾಲದು

ಒಳ್ಳೆಯ ಬಳಗದ ಲಕ್ಷಣ ಅದರ ವಿಮರ್ಶೆಯ ರೀತಿಯಲ್ಲಿದೆ. ‘ಚೆನ್ನಾಗಿದೆ’ ಎಂಬ ಒಂದೇ ಮಾತಿನಿಂದ ಯಾರೂ ಕಲಿಯುವುದಿಲ್ಲ; ‘ಇದೂ ಒಂದು ಚಿತ್ರವೇ’ ಎಂಬ ಮೂದಲಿಕೆಯಿಂದ ಕ್ಯಾಮೆರಾ ಕಪಾಟು ಸೇರುತ್ತದೆ. ಉಪಯುಕ್ತ ವಿಮರ್ಶೆ ನಿರ್ದಿಷ್ಟವಾಗಿರುತ್ತದೆ: ಹಕ್ಕಿಯ ಬೆನ್ನ ಹಿಂದಿನ ಒಣಕಡ್ಡಿ ತಲೆಗೆ ತಾಗಿದಂತೆ ಕಾಣುತ್ತಿದೆ, ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ಹಿನ್ನೆಲೆ ತಿಳಿಯಾಗುತ್ತಿತ್ತು, ಹಕ್ಕಿ ನೋಡುತ್ತಿರುವ ದಿಕ್ಕಿನಲ್ಲಿ ಇನ್ನಷ್ಟು ಜಾಗ ಬಿಡಬೇಕಿತ್ತು, ಹೊತ್ತೇರಿದ ಮೇಲೆ ತೆಗೆದುದರಿಂದ ನೆರಳು ಗಡುಸಾಗಿದೆ. ಇಂತಹ ಮಾತು ಮುಂದಿನ ಬಾರಿ ಕಾಲಿಗೂ ಕೈಗೂ ಕೆಲಸ ಕೊಡುತ್ತದೆ.

ಗುರುತಿಸುವಿಕೆಯಲ್ಲೂ ಬಳಗದ ನೆರವು ದೊಡ್ಡದು. ಚಳಿಗಾಲದಲ್ಲಿ ಬರುವ ಉಲಿಯಕ್ಕಿಗಳು, ಮರಿಯಿಂದ ಪ್ರಾಯಕ್ಕೆ ಬರುವ ಹಂತದಲ್ಲಿ ಬಣ್ಣ ಬದಲಿಸುವ ಹದ್ದು–ಗಿಡುಗಗಳು ಪರಿಣತರನ್ನೂ ಗೊಂದಲಕ್ಕೀಡುಮಾಡುತ್ತವೆ. ಹಕ್ಕಿಯ ಹೆಸರು ತಪ್ಪಾದಾಗ ಕಾರಣ ಸಹಿತ ತಿದ್ದುವ ಹಿರಿಯರಿದ್ದಲ್ಲಿ ಛಾಯಾಗ್ರಾಹಕ ಕ್ರಮೇಣ ಹಕ್ಕಿಪ್ರೇಮಿಯಾಗುತ್ತಾನೆ.

ಪ್ರಾಮಾಣಿಕತೆಯೂ ಇಲ್ಲಿ ಪಾಠದ ಭಾಗ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ, ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ ಹಾಗೂ ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಗಳು ನಿಸರ್ಗ ಛಾಯಾಗ್ರಹಣಕ್ಕೆ ಸಮಾನ ವ್ಯಾಖ್ಯೆಯೊಂದನ್ನು ಒಪ್ಪಿಕೊಂಡಿವೆ. ಅದರ ಪ್ರಕಾರ ಚಿತ್ರವನ್ನು ಕತ್ತರಿಸಿ ಅಳತೆಗೆ ತರಬಹುದು. ಆದರೆ ಚಿತ್ರದಲ್ಲಿಲ್ಲದುದನ್ನು ಸೇರಿಸುವುದಾಗಲಿ, ಇದ್ದುದನ್ನು ಅಳಿಸುವುದಾಗಲಿ, ಸ್ಥಳಾಂತರಿಸುವುದಾಗಲಿ ಸಲ್ಲದು.

ಗೂಡಿನ ಪ್ರಶ್ನೆ

ಈ ಹವ್ಯಾಸದ ಅತ್ಯಂತ ಸೂಕ್ಷ್ಮ ವಿಷಯ ಗೂಡು. ಉದ್ದನೆಯ ಲೆನ್ಸ್‌ಗಳು ಕೈಗೆಟುಕದಿದ್ದ ಕಾಲದಲ್ಲಿ ಗೂಡಿನ ಬಳಿ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕುಳಿತು ಚಿತ್ರ ತೆಗೆಯುವುದು ಜಗತ್ತಿನೆಲ್ಲೆಡೆ ಒಪ್ಪಿತವಾಗಿದ್ದ ವಿಧಾನ. ಅಂದು ಬೆರಳೆಣಿಕೆಯಷ್ಟು ಮಂದಿ ಎಚ್ಚರಿಕೆಯಿಂದ ಮಾಡುತ್ತಿದ್ದುದನ್ನು ಇಂದು ಸಾವಿರಾರು ಮಂದಿ ಮಾಡಹೊರಟರೆ ಹಕ್ಕಿಗೆ ಉಳಿಗಾಲವಿಲ್ಲ. ಇದನ್ನು ಮನಗಂಡ ಹಲವು ಬಳಗಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿದವು. ಛಾಯಾಗ್ರಾಹಕರು ತಮಗೆ ತಾವೇ ಹಾಕಿಕೊಂಡ ಗೆರೆಯಿದು.

ಅಪಾಯ ಕಾಲ್ಪನಿಕವಲ್ಲ. ಮರಿಗಳು ಚೆನ್ನಾಗಿ ಕಾಣಲೆಂದು ಅಡ್ಡಬಂದ ರೆಂಬೆಯನ್ನು ಸರಿಸಿದರೆ ಗೂಡಿನ ನೆರಳು ಹೋಗುತ್ತದೆ, ಕಾಗೆ–ಗಿಡುಗಗಳಿಗೆ ದಾರಿ ತೆರೆಯುತ್ತದೆ. ಟಿಟ್ಟಿಭ ಬಯಲು ನೆಲದಲ್ಲೇ ಮೊಟ್ಟೆಯಿಡುವ ಹಕ್ಕಿ. ಬೇಸಿಗೆಯಲ್ಲಿ ಅದು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುತ್ತದೆ. ಕ್ಯಾಮೆರಾ ಹಿಡಿದವರು ಹತ್ತಿರದಲ್ಲೇ ನಿಂತಷ್ಟು ಹೊತ್ತೂ ತಾಯಿಹಕ್ಕಿ ದೂರದಲ್ಲಿ ಕೂಗುತ್ತಿರುತ್ತದೆ. ಮೊಟ್ಟೆಗಳು ಬಿಸಿಲಿನಲ್ಲಿ ಬೇಯುತ್ತಿರುತ್ತವೆ.

ಕಾನೂನು ಕೂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ವ್ಯಾಖ್ಯೆ ಕೊಲ್ಲುವುದಕ್ಕಷ್ಟೇ ಸೀಮಿತವಲ್ಲ. ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆ ಕೊಡುವುದೂ ಆ ವ್ಯಾಖ್ಯೆಯೊಳಗೆ ಬರುತ್ತದೆ.

ಧ್ವನಿಮುದ್ರಿತ ಕೂಗನ್ನು ಕೇಳಿಸಿ ಹಕ್ಕಿಯನ್ನು ಕರೆಯುವುದು ಇನ್ನೊಂದು ಪಿಡುಗು. ತನ್ನ ಗಡಿಯೊಳಗೆ ಎದುರಾಳಿ ಬಂದನೆಂದು ಭಾವಿಸುವ ಗಂಡುಹಕ್ಕಿ ಆಹಾರ ಬಿಟ್ಟು ಹೋರಾಟಕ್ಕೆ ಧಾವಿಸುತ್ತದೆ. ಗೂಬೆಗಳು ಹಗಲು ವಿಶ್ರಮಿಸುವ ತಾಣದ ಮಾಹಿತಿ ಹೊರಬಿದ್ದರೆ ಅಲ್ಲಿ ವಾರದೊಳಗೆ ಜನಜಂಗುಳಿ ಸೇರಬಹುದು. ಆದಕಾರಣ ಜವಾಬ್ದಾರಿಯುತ ಬಳಗಗಳು ಚಿತ್ರ ಹಂಚುತ್ತವೆ, ಜಾಗ ಹೇಳುವುದಿಲ್ಲ.

ಎಲ್ಲಿ ಕಲಿಯಬಹುದು?

ರಾಜ್ಯದಲ್ಲಿ ಕಲಿಕೆಗೆ ತಾಣಗಳ ಕೊರತೆಯಿಲ್ಲ. ಶ್ರೀರಂಗಪಟ್ಟಣ ಸಮೀಪದ ರಂಗನತಿಟ್ಟು ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿಗಳು ದೋಣಿಗೆ ಒಗ್ಗಿಕೊಂಡಿರುವುದರಿಂದ ಹೊಸಬರೂ ಅವುಗಳಿಗೆ ಅಂಜಿಕೆಯಾಗದಂತೆ ಚಿತ್ರ ತೆಗೆಯಬಹುದು. ಅಲುಗುವ ದೋಣಿಯಲ್ಲಿ ಕುಳಿತು ಶಟರ್ ವೇಗದ ಮಹತ್ವವನ್ನು ಅರಿಯಲು ಇದಕ್ಕಿಂತ ಉತ್ತಮ ಜಾಗ ಸಿಗದು. ದೋಣಿ ನಡೆಸುವವರ ಹಕ್ಕಿಜ್ಞಾನವನ್ನೂ ಕಡೆಗಣಿಸುವಂತಿಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆಯೇ ಸಂಸಾರ ಹೂಡುತ್ತವೆ. ಹಕ್ಕಿಗಳನ್ನು ಗ್ರಾಮಸ್ಥರು ಮನೆಮಕ್ಕಳಂತೆ ಕಾಣುತ್ತಾರೆ. ಗೂಡಿನಿಂದ ಬಿದ್ದ ಮರಿಗಳ ಆರೈಕೆಯಲ್ಲಿ ಸ್ಥಳೀಯ ಯುವಕರ ಹೆಜ್ಜಾರ್ಲೆ ಬಳಗ ಹೆಸರಾಗಿದೆ. ಇಲ್ಲಿ ಗೂಡುಗಳು ರಸ್ತೆಯಿಂದಲೇ ಕಾಣುತ್ತವೆ. ಹಾಗಾಗಿ ಮರದಡಿ ಗದ್ದಲ ಮಾಡದೆ ದೂರದಿಂದಲೇ ಚಿತ್ರ ತೆಗೆಯುವುದು ಊರಿನವರಿಗೂ ಹಕ್ಕಿಗೂ ಸಲ್ಲಿಸುವ ಮರ್ಯಾದೆ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬರುತ್ತವೆ. ಈ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ 2024ರಲ್ಲಿ ರಾಮ್ಸಾರ್ ತಾಣಗಳಾದವು. ಶಿವಮೊಗ್ಗ ಜಿಲ್ಲೆಯ ಮಂಡಗದ್ದೆ ಮತ್ತು ಗುಡವಿ, ಕಾಡಿನ ಹಕ್ಕಿಗಳಿಗೆ ಹೆಸರಾದ ದಾಂಡೇಲಿ ಬಳಿಯ ಗಣೇಶಗುಡಿ ಕೂಡ ಹವ್ಯಾಸಿಗಳ ಮೆಚ್ಚಿನ ತಾಣಗಳು. ಹಾಗೆಂದು ದೂರ ಹೋಗಲೇಬೇಕೆಂದಿಲ್ಲ. ಮನೆಯ ಹತ್ತಿರದ ಕೆರೆಗೆ ವರ್ಷವಿಡೀ ಹೋಗುವವರು ದೂರದ ಕಾಡಿಗೆ ವರ್ಷಕ್ಕೊಮ್ಮೆ ಹೋಗುವವರಿಗಿಂತ ಹೆಚ್ಚು ಕಲಿಯುತ್ತಾರೆ.

ಚಿತ್ರ ಸಾಕ್ಷಿಯಾದಾಗ

ಹವ್ಯಾಸಿಗಳ ಚಿತ್ರಗಳು ಅಂದಕ್ಕಷ್ಟೇ ಸೀಮಿತವಾಗಿಲ್ಲ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕ್ಯಾಮೆರಾಕ್ಕೆ ಸಿಕ್ಕಿವೆ. ಪಟ್ಟಿಯ ಮೇಲಿನ ಸಂಕೇತ ಚಿತ್ರದಲ್ಲಿ ಸ್ಪಷ್ಟವಾಗಿ ಓದಲು ಬಂದರೆ ಹಕ್ಕಿಯ ಪಯಣದ ಕಥೆ ತೆರೆದುಕೊಳ್ಳುತ್ತದೆ. 2002ರಲ್ಲಿ ಅಮೆರಿಕದಲ್ಲಿ ಆರಂಭವಾದ ಇ–ಬರ್ಡ್ ದಾಖಲೆ ವ್ಯವಸ್ಥೆಯಲ್ಲಿ ಅಪರೂಪದ ಹಕ್ಕಿ ಕಂಡೆನೆಂದು ಹೇಳುವವರಿಗೆ ಚಿತ್ರವೇ ಬಲವಾದ ಆಧಾರ. ಇಂತಹ ಹವ್ಯಾಸಿಗಳು ನೀಡಿದ ಸುಮಾರು 3 ಕೋಟಿ ದಾಖಲೆಗಳ ಆಧಾರದಲ್ಲಿ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಸಿದ್ಧವಾಯಿತು. 942 ಪ್ರಭೇದಗಳನ್ನು ಪರಿಶೀಲಿಸಿದ ಆ ವರದಿ 178 ಪ್ರಭೇದಗಳಿಗೆ ಆದ್ಯತೆಯ ಸಂರಕ್ಷಣೆ ಬೇಕೆಂದು ಗುರುತಿಸಿತು.

ಆರಂಭಿಕರ ಗಮನಕ್ಕೆ

* ಕ್ಯಾಮೆರಾಕ್ಕೆ ಮುನ್ನ ಬೈನಾಕ್ಯುಲರ್ ಹಿಡಿದು ಕೆಲವು ತಿಂಗಳು ಹಕ್ಕಿ ನೋಡುವುದು ಒಳಿತು. ಸಾಧ್ಯವಾದರೆ ದುಬಾರಿ ಲೆನ್ಸ್ ಕೊಳ್ಳುವ ಮೊದಲು ಬಾಡಿಗೆಗೆ ಪಡೆದು ಪ್ರಯೋಗಿಸಬೇಕು.

* ಸೂರ್ಯೋದಯದ ನಂತರದ ಎರಡು ಗಂಟೆ, ಸೂರ್ಯಾಸ್ತಕ್ಕೆ ಮುಂಚಿನ ಎರಡು ಗಂಟೆ ಬೆಳಕು ಹಿತವಾಗಿರುತ್ತದೆ. ಸೂರ್ಯ ಬೆನ್ನ ಹಿಂದಿರಲಿ.

* ಮಂಕಾದ ಬಣ್ಣದ ಉಡುಪು ಧರಿಸಬೇಕು. ಮಾತು, ಮೊಬೈಲ್ ಸದ್ದು ಬೇಡ.

* ಹಕ್ಕಿ ತಲೆಯೆತ್ತಿ ನೋಡತೊಡಗಿದರೆ, ಎಚ್ಚರಿಕೆಯ ಕೂಗು ಹಾಕಿದರೆ ಅಲ್ಲಿಯೇ ನಿಲ್ಲಬೇಕು. ಶಾಂತವಾಗದಿದ್ದರೆ ಹಿಂದೆ ಸರಿಯಬೇಕು.

* ಪಕ್ಷಿಧಾಮ, ಅಭಯಾರಣ್ಯಗಳಿಗೆ ಹೋಗುವ ಮುನ್ನ ಪ್ರವೇಶ ಹಾಗೂ ಕ್ಯಾಮೆರಾ ಶುಲ್ಕ, ಅನುಮತಿಯ ನಿಯಮಗಳನ್ನು ಅರಣ್ಯ ಇಲಾಖೆಯಿಂದ ತಿಳಿದುಕೊಳ್ಳಬೇಕು.

* ಗೂಡು ಕಂಡರೆ ಕ್ಯಾಮೆರಾ ಎತ್ತದೆ ಅಲ್ಲಿಂದ ಸರಿಯುವುದು ಲೇಸು. ಆ ಚಿತ್ರ ಕೇಳುವ ಬಳಗಕ್ಕಿಂತ ಅದನ್ನು ಬೇಡವೆನ್ನುವ ಬಳಗವನ್ನು ಆರಿಸಿಕೊಳ್ಳುವುದು ಜಾಣತನ.