ಕುಡಿದು ತಿಳಿಯದವರು ಕುಡಿದ ಗ್ರೀಕ್ ಮದ್ಯ

ಹೋದ ವರ್ಷ ಬೆಂಗಳೂರಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆವು. ಊಟಕ್ಕೆ ಮುಂಚೆ ಅವನು ಅಳುಕುತ್ತಲೇ ಒಂದು ಬಾಟಲಿ ತಂದಿಟ್ಟು, “ನೀವು ಕ್ಲಾಸಿನ್ಯಾಗ ಹೇಳಿದ ಗ್ರೀಕ್ ನಾಟಕದ ನೆನಪಿಗೆ ತಂದೀನ್ರಿ ಸರ” ಎಂದ. ಸ್ಯಾಂಟೊರಿನಿ ದ್ವೀಪದ ಅಸಿರ್ಟಿಕೋ ಎಂಬ ದ್ರಾಕ್ಷಿಯ ಬಿಳಿ ವೈನ್. ಓಕ್ ಮರದ ಪೀಪಾಯಿಯಲ್ಲಿಟ್ಟು ಹದಗೊಳಿಸಿದ್ದು. ಜೀವಮಾನದಲ್ಲಿ ಆ ಪದಾರ್ಥವನ್ನು ಮುಟ್ಟದ ನಾನು ಎರಡು ಗುಟುಕು ಕುಡಿದೆ. ಮೊದಲು ನಿಂಬೆಯಂಥ ಹುಳಿ; ಅನಂತರ ಶಿರಹಟ್ಟಿಯ ಬಡಿಗೇರರ ಅಂಗಳದಲ್ಲಿ ಆಗತಾನೆ ಹತ್ತರಿ ಹೊಡೆದ ಹಲಗೆಯ ವಾಸನೆ. (ನಮ್ಮ ಮನೆಯವರು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.)

ಪ್ರಾಚೀನ ಗ್ರೀಕರಿಗೆ ಈ ಪೀಪಾಯಿಯ ರುಚಿ ತಿಳಿದಿರಲಿಲ್ಲ. ಅವರು ಮದ್ಯವನ್ನು ಮಣ್ಣಿನ ಕೊಡಗಳಲ್ಲಿ ತುಂಬಿ, ಒಳಮೈಗೆ ರಾಳ ಬಳಿಯುತ್ತಿದ್ದರು. ಕುಡಿಯುವಾಗ ನೀರು ಬೆರೆಸುತ್ತಿದ್ದರು. ನೀರಿಲ್ಲದೆ ಕುಡಿಯುವವನು ಅವರ ಕಣ್ಣಿಗೆ ಅನಾಗರಿಕ. ಅವನು ಹೇಳಿದ ನಾಟಕದ ಹಾಸ್ಯವೆಲ್ಲ ನಿಂತಿರುವುದು ಇದರ ಮೇಲೆ.

ಈಜಿಪ್ಟಿನ ಆಕ್ಸಿರಿಂಕಸ್‌ನ ತಿಪ್ಪೆಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅಗೆದು ತೆಗೆದ ಪಪೈರಸ್ ಹಾಳೆಗಳಲ್ಲಿ ಒಂದು ಪ್ರಹಸನವಿತ್ತು. ಅದು 1903ರಲ್ಲಿ ಅಚ್ಚಾಯಿತು. ಹಾಳೆ ಕ್ರಿ.ಶ. 2ನೆಯ ಶತಮಾನದ್ದು. ಚಾರಿಟಿಯಾನ್ ಎಂಬ ಗ್ರೀಕ್ ಯುವತಿ ಭಾರತದ ಕರಾವಳಿಯಲ್ಲಿ ಸೆರೆಯಾಗಿದ್ದಾಳೆ. ಅಲ್ಲಿಯ ರಾಜ ಅವಳನ್ನು ಚಂದ್ರದೇವತೆಗೆ ಬಲಿ ಕೊಡಲಿದ್ದಾನೆ. ಅವಳ ಅಣ್ಣ ಹಡಗಿನಲ್ಲಿ ಬಂದು, ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ, ರಾಜನನ್ನು ಕಟ್ಟಿಹಾಕಿ, ತಂಗಿಯನ್ನು ಪಾರುಮಾಡುತ್ತಾನೆ. ಈ ಸೀಮೆಯಲ್ಲಿ ವೈನ್ ಮಾರಾಟಕ್ಕೇ ಸಿಗುವುದಿಲ್ಲ, ಸಿಕ್ಕರೆ ರೂಢಿಯಿಲ್ಲದ ಜನ ಹಾಗೆಯೇ ಕುಡಿದುಬಿಡುತ್ತಾರೆ ಎಂಬ ಮಾತು ನಾಟಕದಲ್ಲೇ ಬರುತ್ತದೆ. ಇದು ಕೇವಲ ಕಲ್ಪನೆಯಲ್ಲ. 1ನೆಯ ಶತಮಾನದ ಪೆರಿಪ್ಲಸ್ ಗ್ರಂಥವೂ ಮುಜಿರಿಸ್ ಬಂದರಿಗೆ ಬರುತ್ತಿದ್ದ ವೈನ್ ಅಲ್ಪವೆಂದೇ ಹೇಳುತ್ತದೆ.

ನಾಟಕದಲ್ಲಿ ರಾಜನ ಕಡೆಯವರು ತಮ್ಮದೇ ಭಾಷೆ ಆಡುತ್ತಾರೆ. ಅದು ಕನ್ನಡವೆಂದು 1904ರಲ್ಲಿ ಹುಲ್ಟ್ಷ್ ಸೂಚಿಸಿದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳೂ ಅದನ್ನು ಬೆಂಬಲಿಸಿದರು. ಮಂಜೇಶ್ವರದ ಗೋವಿಂದ ಪೈಗಳು ಆ ಬಗ್ಗೆ ಬರೆದರು. ಕೊಂಚ ಮಧುವನ್ನು ಪಾತ್ರಕ್ಕೆ ಹಾಕುವ ಮಾತೊಂದು ಅಲ್ಲಿ ಇದೆಯಂತೆ.

ಲಕ್ಷ್ಮೇಶ್ವರದಲ್ಲಿ ನನ್ನ ಕೈಯಲ್ಲಿ ಕಲಿತವರಿಗೆ ನೆನಪಿದ್ದೀತು: “ಹಲ್ಮಿಡಿ ಶಾಸನಕ್ಕಿಂತ ಮೂರು ಶತಮಾನ ಮೊದಲೇ ಗ್ರೀಕರ ರಂಗದ ಮೇಲೆ ಕನ್ನಡ ನುಡಿಯಿತು” ಎಂದು ನಾನು ಮೇಜು ಕುಟ್ಟಿ ಹೇಳುತ್ತಿದ್ದೆ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡೆಂದು ಹೆಸರಿಸಿದ ಪುಲಿಗೆರೆಯಲ್ಲಿ ನಿಂತು ಹಾಗೆ ಹೇಳುವಾಗ ಎದೆ ಉಬ್ಬುತ್ತಿತ್ತು. ಆದರೆ 1926ರಲ್ಲೇ ಬಾರ್ನೆಟ್ ಎಂಬ ವಿದ್ವಾಂಸರು ಇದನ್ನು ಅಲ್ಲಗಳೆದಿದ್ದರೆಂದು ನಾನು ಒಮ್ಮೆಯೂ ಹೇಳಲಿಲ್ಲ. ಗೊತ್ತಿರಲಿಲ್ಲವೆಂದಲ್ಲ, ಗೊತ್ತಿತ್ತು, ಹೇಳಲು ಮನಸ್ಸು ಬರಲಿಲ್ಲ. ಅದು ತುಳುವೆಂದು ವಾದಿಸಿದವರೂ ಉಂಟು. ವ್ಯಾಕರಣ ಕಲಿಸಿದ ನನಗೇ ಸಂಶಯ ಬರಬೇಕಿತ್ತು: ಹಳಗನ್ನಡದ ‘ಪಾಲು’ ‘ಹಾಲು’ ಆದದ್ದು ಎಷ್ಟೋ ಶತಮಾನಗಳ ಅನಂತರ. ಹೀಗಿರುವಾಗ 2ನೆಯ ಶತಮಾನದ ಕುಡುಕನ ಬಾಯಲ್ಲಿ ‘ಹಾಕಿ’ ಎಂಬ ಇಂದಿನ ರೂಪ ಹೇಗೆ ಬಂದೀತು? ನಮ್ಮ ಇಂದಿನ ಕನ್ನಡವನ್ನು ನಾವೇ ಆ ಹಾಳೆಯೊಳಗೆ ಸುರಿದೆವೋ ಏನೋ.

ಲೋಟವನ್ನು ಕೆಳಗಿಟ್ಟು ಇದಿಷ್ಟನ್ನೂ ಅವನಿಗೆ ಹೇಳಿದೆ. ಅವನು ತುಸು ಹೊತ್ತು ಸುಮ್ಮನಿದ್ದು, “ನನ್ನ ಮಗಳಿಗೂ ಅದನ್ನ ಹೇಳಿಬಿಟ್ಟೀನಲ್ರೀ ಸರ” ಎಂದ. ಮಗುವನ್ನು ಕರೆ ಎಂದೆ. ಒಳಗಿನಿಂದ ಅವಳು ಬಂದಳು. ಆ ಮಾತು ಯಾವ ಭಾಷೆಯದೆಂದು ಇನ್ನೂ ತೀರ್ಮಾನವಾಗಿಲ್ಲ ಎಂಬಲ್ಲಿಂದ ಪಾಠವನ್ನು ಮತ್ತೆ ಶುರುಮಾಡಿದೆ.